ಹಿಂದಿನಿಂದ ಬರುವ ಊಂ

ಹೊಳೆನರಸೀಪುರದಿಂದ ಯಾವ ಕಡೆಗೆ ಸೈಕಲ್ ತುಳಿದರೂ ಇಬ್ಬರು ಪಕ್ಕಪಕ್ಕ ಹೋಗುವ ಹಾಗಿಲ್ಲ. ಬಸ್ಸಿನವನು ಹಾರ್ನ್ ಹೊಡೆದೇ ಜೀವ ತೆಗೆಯುತ್ತಾನೆ, ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನೂ ಹೊಡೆಯುವುದಿಲ್ಲ. ಹಾಗಾಗಿ ನಾನು ಮುಂದೆ, ಅಕ್ಕ ಹಿಂದೆ. ತಿರುಗಿ ನೋಡಿದರೆ ಹ್ಯಾಂಡಲ್ಲೂ ಅತ್ತಲೇ ತಿರುಗುತ್ತದೆ. ಹಾಗೆ ನೋಡಲು ಹೋಗಿ ಒಮ್ಮೆ ಚರಂಡಿಗೆ ಇಳಿದಿದ್ದೇನೆ. ಅದಕ್ಕೆ ನಾವೊಂದು ರೂಢಿ ಮಾಡಿಕೊಂಡಿದ್ದೆವು. ನಾನು ಗಟ್ಟಿಯಾಗಿ ಕತೆ ಹೇಳುತ್ತಾ ಹೋಗಬೇಕು, ಅವಳು ಹಿಂದಿನಿಂದ ಊಂ ಅನ್ನುತ್ತಾ ಬರಬೇಕು. ಚಿಕ್ಕಂದಿನಲ್ಲಿ ಅಜ್ಜಿ ಕತೆ ಹೇಳುವಾಗ ಹೂಂಗುಟ್ಟುತ್ತಿದ್ದೆವಲ್ಲ, ಅದೇ. ಹೂಂಗುಟ್ಟುವುದು ನಿಂತರೆ ಮಗು ಮಲಗಿತು ಅಂತ ಅಜ್ಜಿ ಕತೆ ನಿಲ್ಲಿಸುತ್ತಿದ್ದಳು. ನಮ್ಮಲ್ಲಿ ಊಂ ಬಂದರೆ ಅಕ್ಕ ಇದ್ದಾಳೆ, ಬರದಿದ್ದರೆ ಬ್ರೇಕ್ ಹಿಡಿಯಬೇಕು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಬ್ಲೌಸ್ ಹೊಲಿಯುವವಳು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ತೋಳು ಬಿಗಿ ಮಾಡಿದಳೆಂದು ಜಗಳಕ್ಕೆ ಹೋಗಿ, ಅಲ್ಲೇ ಕೂತು ಟೀ ಕುಡಿದು ಎದ್ದು ಬಂದಿದ್ದೆ. ಸ್ನೇಹ ಶುರುವಾದದ್ದು ಹಾಗೆ. ಐವತ್ತು ದಾಟಿದ ಅವಳು ತುಳಿಯುವುದು ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್. ಮುಂದೊಂದು ಬುಟ್ಟಿ, ಗೇರಿಲ್ಲ. ನನ್ನದು ಗೇರಿನದು. ಆದರೂ ಏರಿನಲ್ಲಿ ಅವಳ ಉಸಿರು ನನ್ನ ಬೆನ್ನಿಗೇ ಕೇಳುತ್ತಿತ್ತು.

"ವಾರವೆಲ್ಲ ಮಿಷನ್ ತುಳೀತೀನಿ ಕಣೆ. ಭಾನ್ವಾರ ಸೈಕಲ್ ತುಳಿದ್ರೆ ಕಾಲ್ಗೆ ರಜ ಕೊಟ್ಟಂಗೆ" ಎನ್ನುತ್ತಿದ್ದಳು.

ಎದೆಯ ತೊಂದರೆ ಯಾವಾಗ ಶುರುವಾಯಿತೋ ಅವಳಿಗೇ ಗೊತ್ತಿರಲಿಲ್ಲ. ಇದ್ದಕ್ಕಿದ್ದಂತೆ ಎದೆ ಓಡಲು ಶುರುಮಾಡುತ್ತಿತ್ತು. "ದಾರ ಕಿತ್ತೋದ್ರೂ ಮಿಷನ್ ಓಡ್ತಲೇ ಇರ್ತದಲ್ಲ, ಅಂಗೆ" ಎಂದು ತೋರಿಸಲು ಬೆರಳನ್ನು ಮೇಜಿನ ಮೇಲೆ ಟಕಟಕ ಕುಟ್ಟುತ್ತಿದ್ದಳು. ಹಾಗಾದಾಗಲೆಲ್ಲ ಪಕ್ಕದವರು ಯಾರಾದರೂ ಓಡಿಬಂದು ಮುಖಕ್ಕೆ ತಣ್ಣೀರು ಎರಚುತ್ತಿದ್ದರು. ಸ್ವಲ್ಪ ಹೊತ್ತಿಗೆ ಟಕ್ಕನೆ ನಿಲ್ಲುತ್ತಿತ್ತು. ಆಮೇಲೆ ಡಾಕ್ಟರ ಹತ್ತಿರ ಹೋದರೆ ಇಸಿಜಿಯಲ್ಲಿ ಏನೂ ಇಲ್ಲ. ಒಬ್ಬರು ಗ್ಯಾಸು ಅಂದರು, ಒಬ್ಬರು ಟೆನ್ಶನ್ ಅಂದರು, ಇನ್ನೊಬ್ಬರು ಈ ವಯಸ್ಸಿನಲ್ಲಿ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಅಂದರು. ಆ ಮೂರನೆಯವರ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

ಚನ್ನರಾಯಪಟ್ಟಣಕ್ಕೆ ಕೊಟ್ಟಿರುವ ಮಗಳು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ಏನು ಅಂತ ಗೊತ್ತಿಲ್ಲದ ಕಾಯಿಲೆ ಇಟ್ಟುಕೊಂಡು ರೋಡಿನಲ್ಲಿ ಬೀಳುವುದು ಬೇಡ, ಇನ್ನೊಂದು ಸಲ ಹೀಗಾದರೆ ಸೈಕಲ್ ಗುಜರಿಗೆ, ಅಂಗಡಿಗೆ ಬೀಗ, ಅಮ್ಮ ತನ್ನ ಮನೆಗೆ. ಮಗಳದು ತಪ್ಪು ಅಂತ ನಾನು ಹೇಳಲಾರೆ. ಆದರೆ ಅಕ್ಕನ ಮುಖ ಬಾಡಿಹೋಗಿತ್ತು.

"ಎಸ್ರಿಲ್ದ ಕಾಯ್ಲೆ ಕಣೆ ನಂದು. ಇದ್ಕೊಂದು ಎಸ್ರು ಸಿಗ್ದೋದ್ರೆ ನನ್ನ ಕರ್ಕೊಂಡೋಗಿ ಟೀವಿ ಮುಂದೆ ಕೂರುಸ್ತಾಳೆ. ಅಲ್ಲೇ ಸಾಯ್ತೀನಿ."

ನಾನು ರಜೆ ಹಾಕಿ ಅವಳನ್ನು ಹಾಸನದ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಲ್ಲೂ ಇಸಿಜಿ ಚೆನ್ನಾಗಿಯೇ ಬಂತು. ಅವರು ಮಾತ್ರ ಗ್ಯಾಸು ಅನ್ನಲಿಲ್ಲ.

"ಬಂದಾಗ ಏನು ಮಾಡ್ತೀರಿ?" ಎಂದು ಕೇಳಿದರು.

"ಮಕಕ್ಕೆ ತಣ್ಣೀರಾಕ್ತಾರೆ ಸಾ. ನಿಂತೋಯ್ತದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಕೆಲವರ ಎದೆಯಲ್ಲಿ ಮಿಡಿತ ಹೀಗೆ ದಾರಿ ತಪ್ಪಿ ಸುತ್ತುತ್ತದೆ, ಮುಖಕ್ಕೆ ತಣ್ಣೀರು ಬಿದ್ದರೆ ಆ ಸುತ್ತಾಟ ನಿಂತೇ ಹೋಗಬಹುದು ಎಂದು ವಿವರಿಸಿದರು. "ಕಳ್ಳ ಮನೆಯೊಳಗಿದ್ದಾಗ ನೀವೇ ಓಡಿಸಿಬಿಟ್ಟು, ಆಮೇಲೆ ಪೊಲೀಸರನ್ನ ಕರೀತಿದ್ದೀರಿ. ಮುಂದಿನ ಸಲ ಬಂದರೆ ನೀರು ಗೀರು ಬೇಡ. ಇಸಿಜಿ ಎಲ್ಲಿ ಹತ್ತಿರ ಇದೆಯೋ ಅಲ್ಲಿಗೆ ನೇರ ಹೋಗಿ. ಒಂದೇ ಒಂದು ಸಲ ಓಡ್ತಿರುವಾಗ ಸಿಗಲಿ, ಸಾಕು. ಇದಕ್ಕೆ ಚಿಕಿತ್ಸೆ ಇದೆ."

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಳು. "ನಾನು ಕಾಲಿಡ್ಕೊಂಡು ಕೇಳಿದ್ರೂ ನೀರ್ ಕೊಡ್ಬ್ಯಾಡ. ಬ್ಯಾರೇರ್ಗೂ ಕೊಡಾಕ್ ಬಿಡ್ಬ್ಯಾಡ. ಆಣೆ ಮಾಡು."

ಮಾಡಿದೆ. ಬಸ್ಸಿನಲ್ಲಿ ಕೂತು ಆಣೆ ಮಾಡುವುದಕ್ಕೇನು ಕಷ್ಟ.

ಅದಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅರಕಲಗೂಡಿನ ಕಡೆಗೆ ಹೊರಟೆವು. ಅಲ್ಲಿ ಅವಳ ತಂಗಿಯ ಮನೆ; ನಾಟಿಕೋಳಿ ಸಾರು ಮಾಡುತ್ತೇನೆಂದು ಕರೆದಿದ್ದಳು. ದಾರಿಗೆ ನಾನು ನಮ್ಮ ಸೋದರತ್ತೆಯ ಮನೆಯ ತಾಮ್ರದ ಹಂಡೆಯ ಕತೆ ತೆಗೆದಿದ್ದೆ. ಮದುವೆಯ ಮಾರನೆಯ ದಿನ ಹಂಡೆ ಕಾಣೆ, ಬೀಗರು ಬೀಗರ ಮೇಲೆ, ಓರಗಿತ್ತಿ ಓರಗಿತ್ತಿಯ ಮೇಲೆ. ಹಿಂದಿನಿಂದ ಊಂ, ಊಂ. ಅರಕಲಗೂಡು ಇನ್ನೇನು ಹತ್ತಿರ ಬಂತು. ಅತ್ತೆ ದೀಪ ಹಿಡಿದು ಭತ್ತದ ಕಣಜದ ಬಾಗಿಲು ತೆಗೆಯುವಲ್ಲಿಗೆ ಕತೆಯೂ ಬಂತು. "ಅಲ್ಲಿ ಹಂಡೆ ಬಚ್ಚಿಟ್ಟಿದ್ದು ಯಾರು ಹೇಳು ನೋಡೋಣ" ಎಂದೆ.

"ಊಂ."

ಪ್ರಶ್ನೆ ಕೇಳಿದರೆ ಬರೀ ಊಂ ಅನ್ನುವವಳಲ್ಲ ಈ ಅಕ್ಕ. ಕತೆಯಲ್ಲಿರುವ ಎಲ್ಲರ ಮೇಲೂ ಕಳ್ಳತನ ಹೊರಿಸಿ, ನನ್ನ ಅತ್ತೆಯನ್ನೂ ಬಿಡದೆ, ಜಗಳಕ್ಕೆ ನಿಲ್ಲುವವಳು. ಬ್ರೇಕ್ ಹಿಡಿದು ತಿರುಗಿದೆ. ಅವಳು ಸೈಕಲ್ ನಿಲ್ಲಿಸಿ ಹ್ಯಾಂಡಲ್ ಮೇಲೆ ಒರಗಿದ್ದಳು. ತುಟಿ ಬೆಳ್ಳಗಾಗಿತ್ತು. ಅಷ್ಟು ದೂರದಿಂದಲೂ ಅಭ್ಯಾಸ ಬಲದಿಂದ ಊಂ ಅನ್ನುತ್ತಲೇ ಇದ್ದಳು.

ಅವಳ ಕುತ್ತಿಗೆಯ ಮೇಲೆ ಬೆರಳಿಟ್ಟೆ. ನಾಡಿ ಎಣಿಸಲು ಆಗದಷ್ಟು ವೇಗವಾಗಿ ಓಡುತ್ತಿತ್ತು. ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಹೇಳಿದರೆ ಕಲ್ಲು ಮನಸ್ಸಿನವಳು ಅಂದುಕೊಳ್ಳುತ್ತೀರಿ, ಅಂದುಕೊಳ್ಳಿ. ಹೆದರಿಕೆ ಆಗಲಿಲ್ಲ, ಅಯ್ಯೋ ಅನ್ನಿಸಲಿಲ್ಲ. ಒಳಗೆ ಯಾರೋ ಮೇನ್ ಸ್ವಿಚ್ ಆಫ್ ಮಾಡಿದ ಹಾಗೆ ಎಲ್ಲ ತಣ್ಣಗಾಯಿತು. ಅವಳನ್ನು ಹುಣಸೆಮರದ ಬುಡದಲ್ಲಿ ಕೂರಿಸಿದೆ.

ಎದುರಿಗೊಂದು ಪೆಟ್ಟಿಗೆ ಅಂಗಡಿ. ಅಂಗಡಿಯಾಕೆ ಚೊಂಬಿನ ತುಂಬ ನೀರು ತಂದಳು. ನಮ್ಮ ಕಡೆ ಜನ ಹಾಗೆಯೇ, ಯಾರೇ ಬೀಳಲಿ, ಹೆಸರು ಕೇಳುವ ಮೊದಲು ನೀರು ಬರುತ್ತದೆ.

"ಬೇಡಮ್ಮ" ಎಂದು ಅಡ್ಡ ನಿಂತೆ.

"ಯಾಕ್ ಬ್ಯಾಡ? ಮಕ ನೋಡಿ ಎಂಗಾಗೈತೆ. ಒಸಿ ಮಕಕ್ಕಾಕಿ."

"ಬೇಡ ಅಂದ್ನಲ್ಲ. ಆಸ್ಪತ್ರೆಗೆ ಹೋಗಬೇಕು, ಗಾಡಿ ನಿಲ್ಲಿಸಿ ಯಾವುದಾದರೂ."

ಅಷ್ಟರಲ್ಲಿ ನಾಲ್ಕು ಜನ ಸೇರಿದ್ದರು. ಬೈಕಿನಲ್ಲಿ ಬಂದ ಮುದುಕಪ್ಪ ಒಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಏನ್ ಎಂಗ್ಸಮ್ಮ ನೀನು. ಸಾಯೋ ಶತ್ರು ಕೇಳಿದ್ರೂ ನೀರ್ ಇಲ್ಲ ಅನ್ಬಾರ್ದು."

ಅವನು ಹೇಳಿದ್ದು ಸರಿಯೇ. ನನ್ನ ತಾಯಿಯೂ ಅದನ್ನೇ ಹೇಳಿಕೊಟ್ಟಿದ್ದಳು. ಅಂಗಡಿಯಾಕೆ ನನ್ನ ಕಂಕುಳ ಕೆಳಗಿನಿಂದ ಚೊಂಬು ಚಾಚಿದಳು. ಅಕ್ಕ ಎರಡೂ ಕೈ ನೀಡಿದಳು. "ಕೊಡೇ" ಅಂದಳು ನನಗೆ. "ತಡ್ಯಕ್ಕಾಯ್ತಿಲ್ಲ. ಆಣೆ ಗೀಣೆ ಏನೂ ಬ್ಯಾಡ. ಕೊಡೇ, ನಿನ್ ದಮ್ಮಯ್ಯ."

ನಾನು ಚೊಂಬು ಕಿತ್ತುಕೊಂಡು ನೀರನ್ನೆಲ್ಲ ಮರದ ಬುಡಕ್ಕೆ ಸುರಿದೆ. ಅಕ್ಕ ಒದ್ದೆಯಾದ ಮಣ್ಣನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟ ಈಗಲೂ ನನಗೆ ಚೆನ್ನಾಗಿ ನೆನಪಿದೆ. ಆ ಹೊತ್ತಿಗೆ ಅದೂ ನನಗೆ ನಾಟಲಿಲ್ಲ.

ಶುಂಠಿ ಮೂಟೆ ಹೊತ್ತ ಲಗೇಜ್ ಆಟೋ ಒಂದು ನಿಂತಿತು. ಮೂಟೆಗಳ ನಡುವೆ ಅವಳನ್ನು ಕೂರಿಸಿ ನಾನೂ ಹತ್ತಿದೆ. ಸೈಕಲ್‌ಗಳನ್ನು ಅಂಗಡಿಯಾಕೆಗೆ ನೋಡಿಕೊಳ್ಳಲು ಹೇಳಿದೆ. ಆಕೆ ಖಾಲಿ ಚೊಂಬು ಎತ್ತಿಕೊಂಡು ತಿರುಗಿ ಹೋದಳು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಈಗ ನಿಲ್ಲದಿರಲಿ, ಆಸ್ಪತ್ರೆ ಮುಟ್ಟುವ ತನಕ ಓಡುತ್ತಲೇ ಇರಲಿ. ಸ್ನೇಹಿತೆಯ ಕಾಯಿಲೆ ವಾಸಿಯಾಗದಿರಲಿ ಎಂದು ದೇವರಿಗೆ ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು.

ಅರಕಲಗೂಡಿನ ಆಸ್ಪತ್ರೆಯಲ್ಲಿ ಭಾನುವಾರವಾದರೂ ಡ್ಯೂಟಿ ಡಾಕ್ಟರಿದ್ದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎದೆಗೆ ವೈರು ಹಚ್ಚಿದರು, ಕಾಗದ ಹೊರಗೆ ಬಂತು. ಒತ್ತೊತ್ತಾಗಿ, ಬಾಚಣಿಗೆಯ ಹಲ್ಲಿನಂತೆ ಗೆರೆ. ಆಕೆ ಫೋನಿನಲ್ಲಿ ಅದರ ಫೋಟೋ ತೆಗೆದು, ನಾನು ಕೊಟ್ಟ ನಂಬರಿಗೆ, ಹಾಸನದ ಡಾಕ್ಟರಿಗೆ ಕಳಿಸಿದರು. "ಸಿಕ್ತು, ಮೇಡಂ" ಎಂದರು. ನಾನು "ಸರಿ" ಎಂದೆ.

ಇನ್ನು ಎದೆಯ ಓಟ ನಿಲ್ಲಿಸಬಹುದಿತ್ತು. ಮುಖದ ಮೇಲೆ ತಣ್ಣೀರು ಬಟ್ಟೆ ಇಟ್ಟರು, ಖಾಲಿ ಸಿರಿಂಜಿನೊಳಗೆ ಬಿಗಿಯಾಗಿ ಊದಿಸಿದರು, ಅದೂ ಮಿಡಿತ ಇಳಿಸುವ ಒಂದು ಉಪಾಯವಂತೆ. ನಿಲ್ಲಲಿಲ್ಲ. ಎಂದೂ ಮೋಸ ಮಾಡದ ತಣ್ಣೀರು ಅವತ್ತು ಕೈಕೊಟ್ಟಿತು. ನಾನು ಆ ಚೊಂಬಿನ ನೀರು ಚೆಲ್ಲದೆ ಇದ್ದಿದ್ದರೆ ಮರದ ಕೆಳಗೇ ನಿಲ್ಲುತ್ತಿತ್ತೇನೋ, ಹೊತ್ತು ಮೀರಿಸಿಬಿಟ್ಟೆನೇನೋ. ಡಾಕ್ಟರು ಇಂಜೆಕ್ಷನ್ ತೆಗೆದುಕೊಂಡು ನನ್ನ ಕಡೆ ತಿರುಗಿದರು.

"ಇದು ಕೊಟ್ಟಾಗ ಹಾರ್ಟು ಒಂದೆರಡು ಸೆಕೆಂಡ್ ನಿಂತು, ಮತ್ತೆ ಶುರುವಾಗುತ್ತೆ. ಅವರಿಗೆ ಸಂಕಟ ಆಗುತ್ತೆ. ನೀವು ಪಕ್ಕದಲ್ಲಿ ನಿಂತು ಮಾತಾಡ್ತಾ ಇರಿ."

ಏನು ಮಾತಾಡಲಿ. ಹೆದರಬೇಡ ಅನ್ನಲು ಬಾಯಿ ಬರಲಿಲ್ಲ. ಬಾಯಿಗೆ ಬಂದದ್ದು ಕತೆ ಮಾತ್ರ. "ಅತ್ತೆ ದೀಪ ಹಿಡ್ಕೊಂಡು ಕಣಜದ ಬಾಗಿಲು ತೆಗೆದಳಾ" ಎಂದೆ. "ಒಳಗೆ ಕತ್ತಲೆ. ಭತ್ತಕ್ಕೆ ಕೈ ಹಾಕಿದಳು." ಸೂಜಿ ಹೋಯಿತು. ಅಕ್ಕ ನನ್ನ ಮಣಿಕಟ್ಟನ್ನು ಉಗುರು ನೆಡುವಂತೆ ಹಿಡಿದಳು. ಪರದೆಯ ಮೇಲೆ ಗೆರೆ ನೆಟ್ಟಗಾಯಿತು. ನಾನು ಕಪ್ಪು ಹಲಗೆಯ ಮೇಲೆ ಸ್ಕೇಲ್ ಇಟ್ಟು ಎಳೆಯುತ್ತೇನಲ್ಲ, ಅಷ್ಟು ನೆಟ್ಟಗೆ. "ಕೈಗೆ ತಣ್ಣಗೆ ಏನೋ ತಗುಲ್ತು" ಎಂದೆ. ಊಂ ಬರಲಿಲ್ಲ. "ತಾಮ್ರದ್ದು" ಎಂದೆ. ಊಂ ಬರಲಿಲ್ಲ. ಗೆರೆ ಒಮ್ಮೆ ಎದ್ದಿತು, ಬಿತ್ತು, ಮತ್ತೆ ಎದ್ದಿತು, ಆಮೇಲೆ ನಿಧಾನವಾಗಿ ಹೆಜ್ಜೆ ಹಾಕತೊಡಗಿತು.

"ಊಂ" ಅಂದಳು ಅಕ್ಕ. ಕಣ್ಣು ಮುಚ್ಚಿಯೇ ಇತ್ತು. "ಹಂಡೆ ಅಲ್ಲೇ ಇತ್ತಾ?"

"ಇತ್ತು."

"ಓರಗಿತ್ತೀದೇ ಕೆಲ್ಸ."

ಮಧ್ಯಾಹ್ನ ಅವಳ ತಂಗಿ ಬಂದು ಅತ್ತಳು, ಸಂಜೆ ಮಗಳು ಬಂದು ಅತ್ತಳು. ನನಗೆ ಅಳು ಬರಲಿಲ್ಲ. ಸೋಮವಾರ ಸ್ಕೂಲಿಗೆ ಹೋಗಿ ಪಾಠ ಮಾಡಿದೆ. ಕಾಯಿಲೆಗೆ ಒಂದು ಹೆಸರು ಸಿಕ್ಕಿತ್ತು. ಅದನ್ನು ಹಿಡಿದುಕೊಂಡು ತಾಯಿ ಮಗಳು ಮೈಸೂರಿಗೆ ಹೋದರು. ಅಲ್ಲಿ ತೊಡೆಯಿಂದ ಎದೆಯ ತನಕ ವೈರು ಬಿಟ್ಟು, ಮಿಡಿತದ ದಾರಿ ತಪ್ಪಿಸುತ್ತಿದ್ದ ಎಳೆಯನ್ನು ಸುಟ್ಟರು. ನಾನೂ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅಲ್ಲೂ ಏನೂ ಅನ್ನಿಸಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಅಂಗಡಿಯಾಕೆಯ ಹತ್ತಿರದಿಂದ ತರಿಸಿಕೊಂಡ ಸೈಕಲ್ ಮಾತ್ರ ಮುಟ್ಟಲಿಲ್ಲ. ಟಯರಿನ ಗಾಳಿ ಇಳಿದು ಗೋಡೆಗೆ ಒರಗಿಕೊಂಡಿತ್ತು.

ಡಾಕ್ಟರು ಸೈಕಲ್ ತುಳಿಯಬಹುದು ಅಂದ ಮೇಲೆ ಮಗಳಿಗೂ ಬೇರೆ ದಾರಿ ಇರಲಿಲ್ಲ. ಒಂದು ಭಾನುವಾರ ಅಕ್ಕನೇ ಪಂಪು ಹಿಡಿದು ನಮ್ಮ ಬಾಗಿಲಿಗೆ ಬಂದಳು. "ಟೀಚರಮ್ಮ, ಏಳು ಮ್ಯಾಕೆ" ಎಂದಳು. ಅದೇ ಅರಕಲಗೂಡಿನ ದಾರಿ ಹಿಡಿದೆವು. ನಾನು ಸ್ಟಾಫ್‌ರೂಮಿನದೊಂದು ಕತೆ ತೆಗೆದೆ. ಊಂ, ಊಂ. ಹುಣಸೆಮರ ಕಂಡಿತು. ನನ್ನ ಮಾತು ಮುಂದುವರಿಯುತ್ತಿತ್ತು.

ಊಂ ಬರಲಿಲ್ಲ.

ಬ್ರೇಕ್ ಹಿಡಿದು ತಿರುಗಿದೆ. ಅಕ್ಕ ಒಂದು ಕಾಲು ನೆಲಕ್ಕೆ ಊರಿ, ತುಟಿ ಬಿಗಿಹಿಡಿದು, ನಗು ತಡೆಯಲಾಗದೆ ನಿಂತಿದ್ದಳು. ಬೇಕಂತಲೇ ಸುಮ್ಮನಾಗಿದ್ದಳು, ನನ್ನನ್ನು ಆಟ ಆಡಿಸಲು.

ಗೇರಿನ ಸೈಕಲ್ಲನ್ನು ರೋಡಿನ ಮೇಲೆ ಹಾಗೇ ಬೀಳಿಸಿದೆ. ಬಾಯಿಗೆ ಬಂದದ್ದೆಲ್ಲ ಬೈದೆ, ಸ್ಕೂಲಿನಲ್ಲಿ ಮಕ್ಕಳು ಅಂದರೆ ಹೊರಗೆ ನಿಲ್ಲಿಸುವಂಥ ಮಾತುಗಳನ್ನು ಅಂದೆ. ಬೈಯುತ್ತಾ ಬೈಯುತ್ತಾ ದನಿ ಒಡೆಯಿತು. ಅಷ್ಟು ದಿನ ಎಲ್ಲಿತ್ತೋ ಅಳು, ಒಟ್ಟಿಗೆ ಬಂತು. ಮಣ್ಣಿನಲ್ಲಿ ಕೂತು, ಮೂಗು ಸೋರಿಸಿಕೊಂಡು ಅತ್ತುಬಿಟ್ಟೆ. ಅವತ್ತು ಆ ಗೆರೆ ನೆಟ್ಟಗಾದಾಗ ನೀನು ಸತ್ತುಹೋದೆ ಅಂದುಕೊಂಡಿದ್ದೆ, ನಾನೇ ಕೊಂದೆ ಅಂದುಕೊಂಡಿದ್ದೆ ಎಂದೆ. ಅಂಗಡಿಯಾಕೆ ದೂರದಿಂದ ನೋಡುತ್ತಾ ನಿಂತಿದ್ದಳು. ಈ ಸಲ ಚೊಂಬು ತರಲು ಅವಳಿಗೆ ಧೈರ್ಯ ಬರಲಿಲ್ಲ.

ಅಕ್ಕ ನಗು ನಿಲ್ಲಿಸಿದಳು. ಬುಟ್ಟಿಯಿಂದ ಬಾಟಲಿ ತೆಗೆದು, ಪಕ್ಕದಲ್ಲಿ ಕೂತು, ಅಂಗೈಗೆ ನೀರು ಬಗ್ಗಿಸಿಕೊಂಡು ನನ್ನ ಮುಖಕ್ಕೆ ಹಚ್ಚಿದಳು, ಮಕ್ಕಳ ಮುಖ ತೊಳೆಯುವ ಹಾಗೆ.

"ನಂಗಂತೂ ಕೊಡ್ಲಿಲ್ಲ" ಅಂದಳು. "ನೀನಾದ್ರೂ ತೊಳ್ಕೊ."