ಎಂಟು ಜನ ಹತ್ತಿದ ಮೇಲೆ ಕೊಂಡ ಟೈರು

ಹದಿನೆಂಟು ಸಾವಿರದ ವ್ಯಾಪಾರ ಅದು, ತೊಂಬತ್ತರ ದಶಕದಲ್ಲಿ. ನನ್ನ ಫೋರ್ ವೀಲ್ ಜೀಪಿಗೆ ನಾಲ್ಕು ದಪ್ಪ ಟೈರು, ಚಕ್ರವನ್ನು ಎರಡಿಂಚು ಹೊರಕ್ಕೆ ಕೂರಿಸುವ ನಾಲ್ಕು ಆಫ್‌ಸೆಟ್ ರಿಮ್ಮು. ಭೀಮನಬೀಡಿನ ಕೆಸರಿನಲ್ಲಿ ಹಳೇ ಟೈರು ಹೂತು, ನಾನು ಅರಿಸಿನದ ಮೂಟೆ ಹೇರಿಕೊಂಡು ಚಾಮರಾಜನಗರದ ಮಂಡಿ ಮುಟ್ಟುವಷ್ಟರಲ್ಲಿ ರೇಟೇ ಇಳಿದಿರುತ್ತಿತ್ತು.

ಗುಂಡ್ಲುಪೇಟೆಯ ಟೈರಂಗಡಿಯವನು ಇದ್ದುದರಲ್ಲೇ ದೊಡ್ಡ ಸೈಜು ಹಾಕಿ, ಸ್ಟೇರಿಂಗ್ ಎರಡೂ ಕಡೆ ತಿರುಗಿಸಿ ತೋರಿಸಿದ.

“ನೋಡಿ ಸಾವ್ಕಾರ್ರೇ, ಎಲ್ಲೂ ತಾಗಲ್ಲ.”

“ಖಾಲಿ ಜೀಪಲ್ಲಿ ನಾನೇನು ಮೆರವಣಿಗೆ ಓಯ್ತೀನಾ? ಲೋಡ್ ಮಾಡಿ ನೋಡನ” ಎಂದೆ.

ಅರಿಸಿನದ ಕೊಂಬನ್ನು ಮುರಿದು ಒಳಗಿನ ಬಣ್ಣ ನೋಡದೆ ಕೊಂಡವನಲ್ಲ ನಾನು. ಎದುರಿಗೆ ಬೇಗೂರಿನ ಬಸ್ಸಿಗೆ ಕಾಯುತ್ತಿದ್ದ ಎಂಟು ಜನರನ್ನು ಕರೆದು ಹಿಂದೆ ಹತ್ತಿಸಿದೆ. ಅಂಗಡಿ ಮುಂದಿನ ಚರಂಡಿ ಕಲ್ಲಿನ ಮೇಲೆ ಜೀಪು ಹತ್ತಿಳಿದಾಗ ಹಿಂದಿನ ಟೈರು ಮಡ್‌ಗಾರ್ಡಿಗೆ ಕರ್ರೆಂದು ಉಜ್ಜಿತು.

“ಆಳು ಕೂತ್ರೇ ಇಂಗೆ. ಮೂಟೆ ಬಿದ್ರೆ ಟೈರು ಉಳಿದದಾ?”

ಅವನು ಒಂದು ಸೈಜು ಚಿಕ್ಕದನ್ನು ತಂದು ಅದೇ ರಿಮ್ಮಿಗೆ ಹಾಕಿದ. ಮತ್ತೆ ಕಲ್ಲು ಹತ್ತಿಸಿದೆ. ಸದ್ದೇ ಇಲ್ಲ. ಬೆಲೆಯೂ ಎರಡು ಸಾವಿರ ಕಮ್ಮಿ.

“ಇನ್ನು ಇಳೀರಪ್ಪಾ” ಎಂದರೆ ಒಬ್ಬ ಮುದುಕ ಅಲುಗಲಿಲ್ಲ.

“ನಮ್ ಬಸ್ಸು ಆಗ್ಲೇ ಓಯ್ತು ಕಣ್ ಬುದ್ಧಿ. ಬೇಗೂರ್ಗೆ ನಡೀರಿ, ಓಗನ.”

ನನ್ನ ದಾರಿ ಚಾಮರಾಜನಗರದ ಕಡೆ. ಆದರೂ ಎಂಟು ಜನರನ್ನೂ ಬೇಗೂರಿಗೆ ಬಿಟ್ಟುಬಂದೆ. ಆಮೇಲೆ ಆ ಅಂಗಡಿಯವನು ಯಾರಿಗೇ ದೊಡ್ಡ ಟೈರು ಹಾಕಿದರೂ, ಹಿಂದೆ ಜನ ಹತ್ತಿಸಿ ಕಲ್ಲು ದಾಟಿಸದೆ ದುಡ್ಡು ಮುಟ್ಟುತ್ತಿರಲಿಲ್ಲ.

ಒಟ್ಟು ಗಿಟ್ಟಿದ್ದು: ನಾಲ್ಕು ರಿಮ್ಮು, ನಾಲ್ಕು ಟೈರು, ಉಳಿದ ಎರಡು ಸಾವಿರ ರೂಪಾಯಿ. ಅದರಲ್ಲಿ ಬೇಗೂರಿನ ಡೀಸೆಲ್ ಕಳೆಯಬೇಕು.