ನಾಲ್ಕನೇ ಪ್ರತಿವಾದಿ

ಕೊನೆಯ ಅಕ್ಷರ ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಗೊತ್ತಾಗದೆ ಎರಡು ಸಲ ತಪ್ಪೊತ್ತಿದೆ. ಆಮೇಲೆ ಕೋರ್ಟಿನ ವೆಬ್‌ಸೈಟು ನನ್ನನ್ನು ಮನುಷ್ಯಳೆಂದು ಒಪ್ಪಿಕೊಂಡಿತು.

ಹುಡುಕುತ್ತಿದ್ದುದು ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಹಾಕಿದ್ದ ಪಾಲಿನ ದಾವೆಯನ್ನು. ತಾತನ ಜಮೀನು ಹೊಳೆನರಸೀಪುರದ ಕಡೆಯದು. ಮೂವರು ಮಾವಂದಿರೇ ಉಳುತ್ತಿದ್ದಾರೆ. ಕೇಸು ಎಲ್ಲಿಗೆ ಬಂತು ನೋಡು ಎಂದಿದ್ದಳು ಅಮ್ಮ. ಅಕ್ಕನನ್ನೇ ಕೇಳಲು ಸಂಕೋಚವಂತೆ. ಹಿಂದಿನ ದಿನ ತಪ್ಪಿ ಅರಕಲಗೂಡಿನ ಕೋರ್ಟನ್ನು ಆರಿಸಿಕೊಂಡು, ಅಂಥ ಕೇಸೇ ಇಲ್ಲವೆಂದು ತೀರ್ಪು ಕೊಟ್ಟಿದ್ದೆ. ಎಂ.ಎ. ಮಾಡಿದವಳ ಮಾತನ್ನು ಅಮ್ಮ ನಂಬಿದ್ದಳು.

ಈ ಸಲ ಸಿಕ್ಕಿತು. ವಾದಿ ದೊಡ್ಡಮ್ಮ. ಪ್ರತಿವಾದಿಗಳು ಮೂವರು ಮಾವಂದಿರು, ನಾಲ್ಕನೆಯದು ಅಮ್ಮ. ಇಂಥದ್ದನ್ನು ಮೆಲ್ಲಗೆ ಹೇಳುವುದು ನನಗೆ ಬಾರದು. ಕ್ರಮಸಂಖ್ಯೆ ಸಮೇತ ಓದಿದೆ. ಪ್ರತಿವಾದಿ ಎಂದರೆ ಕೇಸು ಹಾಕಿಸಿಕೊಂಡವರು ಎಂದು, ಯಾರೂ ಕೇಳದಿದ್ದರೂ, ವಿವರಿಸಿದೆ.

"ಒಂದೇ ತಟ್ಟೇಲಿ ಉಂಡೋಳು, ನನ್ ಮ್ಯಾಲೇ ಕೇಸ್ ಆಕವ್ಳಲ್ಲ" ಎಂದಳು ಅಮ್ಮ.

ಚನ್ನರಾಯಪಟ್ಟಣದಿಂದ ಸಂಜೆ ಸಂಜೆ ಬರುತ್ತಿದ್ದ ದೊಡ್ಡಮ್ಮನ ಫೋನನ್ನು ಅಮ್ಮ ಅಂದಿನಿಂದ ಎತ್ತಲಿಲ್ಲ. ಕೆಲವು ದಿನಗಳಲ್ಲಿ ಫೋನೇ ನಿಂತಿತು. ನಾನು ದಿನವೂ ಸೈಟು ತೆರೆದು ಮುಂದಿನ ತಾರೀಖು ನೋಡುತ್ತಿದ್ದೆ. ಅದೇ ನನ್ನ ಸೇವೆ.

ಆಮೇಲೆ ಹಾಸನದ ನಮ್ಮ ಮನೆಗೆ ಸಮನ್ಸು ಬಂತು, ಜೊತೆಗೆ ದಾವೆಯ ಪ್ರತಿ. ಅಮ್ಮ ಮುಟ್ಟಲಿಲ್ಲ. ನಾನು ಕೊನೆಯವರೆಗೂ ಓದಿದೆ, ಮೊದಲ ಬಾರಿಗೆ. ನಾಲ್ಕನೇ ಪ್ರತಿವಾದಿಯ ಮೇಲೆ ವಾದಿಗೆ ಯಾವ ತಕರಾರೂ ಇಲ್ಲ. ಆಕೆಗೂ ಸಮಪಾಲು ಸಲ್ಲಬೇಕು. ಪಾಲುದಾರಳು ಹೊರಗುಳಿದರೆ ಕೋರ್ಟಿನಲ್ಲಿ ದಾವೆ ನಿಲ್ಲದ್ದರಿಂದ ಆಕೆಯನ್ನೂ ಸೇರಿಸಲಾಗಿದೆ, ಎಂದಿತ್ತು. ಅಕ್ಕನ ಜೊತೆ ವಾದಿಯಾಗದ ತಂಗಿಗೆ ಕೋರ್ಟಿನಲ್ಲಿ ಇರುವುದು ಅದೊಂದೇ ಜಾಗ, ಅಣ್ಣಂದಿರ ಸಾಲು.

ಅಮ್ಮ ನಿಧಾನವಾಗಿ ನೆನಪಿಸಿಕೊಂಡಳು. ದೊಡ್ಡಮ್ಮ ಸಹಿ ಕೇಳಿದ್ದು ನಿಜ, ತವರಿನ ಮೇಲೆ ಕೇಸು ಹಾಕಲಾರೆ ಎಂದು ತಾನೇ ಬೇಡವೆಂದದ್ದೂ ನಿಜ.

"ಅಲ್ಲಾ ಕಣೆ, ಅಷ್ಟೊಂದ್ ಓದ್ದೋಳು, ಇನ್ನೊಂದ್ ಚೂರ್ ಓದಕ್ಕೇನಾಗಿತ್ತು?" ಎಂದಳು. ಸಂಜೆ ಅವಳೇ ಫೋನು ಮಾಡಿದಳು. ಈ ಸಲ ಎತ್ತದವಳು ದೊಡ್ಡಮ್ಮ.

ಮರುದಿನ ಬೆಳಿಗ್ಗೆ ಅಮ್ಮನನ್ನು ಚನ್ನರಾಯಪಟ್ಟಣದ ಬಸ್ಸು ಹತ್ತಿಸಿಕೊಂಡು ಹೋದೆ. ದೊಡ್ಡಮ್ಮ ಬಾಗಿಲು ತೆರೆದಾಗ ನಾನೇ ಮುಂದೆ ನಿಂತು, ಅರ್ಧ ಓದಿ ಹೇಳಿದವಳು ನಾನು, ತಪ್ಪು ಅಮ್ಮನದಲ್ಲ, ಎಂದೆ.