ಅಂಟಿನುಂಡಿ ತಿಂದ ಹಮಾಲ ದುಂಡಪ್ಪ

ದುಂಡಪ್ಪ ಚೀಲ ಎತ್ತುವುದನ್ನು ನೋಡಲಿಕ್ಕೆ ರೈತರು ಬಂಡಿ ನಿಲ್ಲಿಸುತ್ತಿದ್ದರು. ನಾವೆಲ್ಲ ಜೋಳದ ಚೀಲವನ್ನು ಇಬ್ಬರು ಹಿಡಿದು ಮೂರನೆಯವನ ಬೆನ್ನಿಗೆ ಹೊರಿಸಿದರೆ, ಅವನು ಚೀಲಕ್ಕೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕುಳಿತು, ಅದರ ಎರಡೂ ಕಿವಿ ಹಿಡಿದು, ತಾಯಿ ಕೂಸನ್ನು ಬೆನ್ನಿಗೆ ಹಾಕಿಕೊಂಡಂತೆ ಒಬ್ಬನೇ ಎದ್ದುಬಿಡುತ್ತಿದ್ದ. ಏಳುವಾಗ ಚೀಲದ ಜೊತೆ ಮಾತು. "ಬಾರವ್ವ ತಂಗಿ, ಅಳಬ್ಯಾಡ. ಗಂಡನ ಮನಿ ಭಾಳ ದೂರ ಇಲ್ಲ." ಗಂಡನ ಮನೆ ಅಂದರೆ ಗೋದಾಮು. ಅಲ್ಲಿ ಒಂದರ ಮೇಲೊಂದು ಒಟ್ಟಿದ ಥಪ್ಪಿಯ ಮೇಲೆ ಚೀಲ ಇಳಿಸುವಾಗಲೂ ದೊಪ್ಪನೆ ಒಗೆಯುತ್ತಿರಲಿಲ್ಲ, ಮಲಗಿಸುತ್ತಿದ್ದ.

ಇದು ವಿಜಾಪುರದ ಸಿದ್ಧೇಶ್ವರ ಗುಡಿ ಹತ್ತಿರದ ಹಳೆಯ ಬಜಾರಿನ ಮಾತು, ತುರ್ತು ಪರಿಸ್ಥಿತಿಯ ವರ್ಷಗಳದು. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ಹಮಾಲಿಗೆ ಬಿದ್ದವ. ಈ ಬೆನ್ನಿನಿಂದಲೇ ಮನೆ ಕಟ್ಟಿದ್ದೇನೆ, ಯಾರ ಬಾಗಿಲಿಗೂ ಹೋಗಿ ನಿಂತವನಲ್ಲ. ಆ ಸೊಕ್ಕು ಈಗಲೂ ಇದೆ. ಅದನ್ನು ಕಲಿಸಿದವನು ನನಗಿಂತ ತುಸುವೇ ದೊಡ್ಡವನಾದ ಈ ತಿಕೋಟಾದ ದುಂಡಪ್ಪ. ಅಡತಿ ಅಂಗಡಿಯ ಮುನೀಮ "ಏ ಹಮಾಲ" ಎಂದು ಕೂಗಿದರೆ ನಾನು ಓಡುತ್ತಿದ್ದೆ. ದುಂಡಪ್ಪ ರಟ್ಟೆ ಹಿಡಿದು ನಿಲ್ಲಿಸುತ್ತಿದ್ದ. "ಹೆಸರ ಹಿಡದು ಕರೀಲಿ, ಆಮ್ಯಾಲ ಹೋಗು. ಚೀಲಕ್ಕ ಹೆಸರಿಲ್ಲ, ನಮಗೈತಿ."

ಅವನಿಗೆ ಬಬಲೇಶ್ವರದ ಕಸ್ತೂರಿಯನ್ನು ತಂದರು. ಮದುವೆಯಾಗಿ ಬಜಾರಿಗೆ ಮರಳಿದ ದಿನ ಹಮಾಲರೆಲ್ಲ ಸುತ್ತಿಕೊಂಡು, "ಏನಲೇ, ಹೊಸಾ ಚೀಲ ಒಬ್ಬನ ಎತ್ತಿದ್ಯೋ, ಯಾರರೆ ಹೊರಸಾಕ ಬೇಕಾತೋ?" ಎಂದು ಕಾಡಿದರು. ಅವನು ನಾಚಿಕೊಂಡು ರುಮಾಲಿನಿಂದ ಮುಖ ಒರೆಸಿಕೊಂಡ. ಆ ಹೊತ್ತಿನ ಅವನ ಮುಖ ನನ್ನ ಕಣ್ಣಿನಲ್ಲಿ ಹಾಗೆಯೇ ಉಳಿದಿದೆ. ಮುಂದೆ ಅಷ್ಟು ಸುಖದ ಮುಖ ನಾನು ನೋಡಲಿಲ್ಲ.

ಒಂದು ವರ್ಷ ಕಳೆಯಿತು. ಪಂಚಮಿಗೆ ತವರಿಗೆ ಹೋದ ಕಸ್ತೂರಿಯನ್ನು ಅವಳ ಅಣ್ಣ ತಿರುಗಿ ಕಳಿಸಲಿಲ್ಲ. ಕರೆತರಲು ಹೋದ ದುಂಡಪ್ಪ ಬರಿಗೈಯಲ್ಲಿ ಬಂದ. ಮಧ್ಯಾಹ್ನ ನಾವಿಬ್ಬರೂ ಗೋದಾಮಿನ ನೆರಳಿನಲ್ಲಿ ರೊಟ್ಟಿ ಬಿಚ್ಚಿದಾಗ ಅವನು ಹಿಂಡಿಪಲ್ಲೆ ಮುಟ್ಟದೆ, ಒಂದು ತಂಬಿಗೆ ನೀರು ಕುಡಿದು, ಇನ್ನೊಂದು ತಂಬಿಗೆ ಕುಡಿದು, ಗೋಡೆ ನೋಡುತ್ತ ಹೇಳಿದ.

"ಮಲ್ಲ್ಯಾ, ನನ್ನ ಗಂಡಸತನ ಹೋಗೇತಿ."

ನಾನು ನಕ್ಕುಬಿಡುವವನಿದ್ದೆ. ಅವನ ದನಿ ಕೇಳಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ.

"ಮೊದಲ ಎಲ್ಲಾ ಛಲೋ ಇತ್ತು. ಈ ಬ್ಯಾಸಗಿಯಿಂದ ಮೈ ಏಳಂಗಿಲ್ಲ. ಮನಸ್ಸು ಬೇಕಂತೈತಿ, ಮೈ ಯಾರದೋ ಆಗೇತಿ. ಆಕಿ ಏನೂ ಅನ್ನಂಗಿಲ್ಲ. ಮಗ್ಗಲದಾಗ ಕೈ ಹಿಡಕೊಂಡು ಮಲಗತಾಳ. ಅದಕ್ಕ ಇನ್ನೂ ಜೀವ ಹೋದಂಗಾಕೈತಿ." ತವರಿನಲ್ಲಿ ತಾಯಿ ಕೆದಕಿ ಕೆದಕಿ ಕೇಳಿದಾಗ ಕಸ್ತೂರಿ ಬಾಯಿ ಬಿಟ್ಟಿದ್ದಳಂತೆ. ಅಣ್ಣ ಹಿರಿಯರನ್ನು ಕೂಡಿಸಿ ಮಾತು ಆಡಿಬಿಟ್ಟಿದ್ದ. ದೀಪಾವಳಿಯೊಳಗೆ ದುಂಡಪ್ಪ ಸುಧಾರಿಸಿಕೊಂಡರೆ ಸರಿ, ಇಲ್ಲವಾದರೆ ಸೋಡಚೀಟಿ ಬರೆಸಿ ಸಂಬಂಧ ಹರಿದುಕೊಂಡು, ತಂಗಿಯನ್ನು ಕನಮಡಿ ಊರಿನಲ್ಲಿ ಹೆಂಡತಿ ಸತ್ತವನೊಬ್ಬನಿಗೆ ಉಡಕಿ ಮದುವೆ ಮಾಡಿಕೊಡುತ್ತೇವೆ ಎಂದು.

ಅವತ್ತಿನಿಂದ ದುಂಡಪ್ಪನಿಗೆ ಬೇರೆ ಕೆಲಸವೇ ಉಳಿಯಲಿಲ್ಲ. ಯಾರು ಏನು ಹೇಳಿದರೂ ಮಾಡಿದ. ತಿಕೋಟಾದ ಮುದುಕಿಯೊಬ್ಬಳು ಮಾಟ ಅಂದಳು, ನಿಂಬೆಹಣ್ಣು ಇಳಿಸಿದರು. ನಮ್ಮಲ್ಲಿಯ ಹಿರಿಯ ಹಮಾಲ ಭಾರ ಹೊತ್ತು ನರ ಜಾರಿದೆ ಅಂದ, ಹೊಟ್ಟೆಗೆ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡ. ಬಸ್‌ಸ್ಟ್ಯಾಂಡಿನ ಹತ್ತಿರ ಡೇರೆ ಹಾಕಿಕೊಂಡಿದ್ದ ಗಡ್ಡದ ವೈದ್ಯನ ಬಳಿ ನಾನೇ ಜೊತೆಗೆ ಹೋಗಿದ್ದೆ. ಆತ ನಾಡಿ ಹಿಡಿದಂತೆ ಮಾಡಿ, ದುಂಡಪ್ಪನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ. "ಸಣ್ಣ ವಯಸ್ಸಿನ್ಯಾಗ ಕೈಲೆ ತಪ್ಪು ಮಾಡೀದಿಲ್ಲ? ಖರೇ ಹೇಳು."

ದುಂಡಪ್ಪನ ತಲೆ ಕೆಳಗಾಯಿತು. ಈ ಪ್ರಶ್ನೆ ಕೇಳಿದರೆ ತಲೆ ಕೆಳಗೆ ಹಾಕದ ಗಂಡಸು ಯಾವ ಊರಲ್ಲಿದ್ದಾನೆ? ನನ್ನ ತಲೆಯೂ ತಗ್ಗಿತ್ತು. ಅಷ್ಟರಿಂದಲೇ ವೈದ್ಯನಿಗೆ ರೋಗ ಸಿಕ್ಕಿಬಿಟ್ಟಿತು. ಒಂದು ಬೂದಿಯಂಥ ಪುಡಿ ಕಟ್ಟಿಕೊಟ್ಟು, ಬೆಲ್ಲದ ಪಾಕದಲ್ಲಿ ಕಲಸಿ ನೆಕ್ಕು, ಕಳೆದುಹೋದ ಧಾತು ತಿರುಗಿ ಬರುವ ತನಕ ಹಾಲು, ತುಪ್ಪ, ಬೆಲ್ಲಕ್ಕೆ ಹಿಂದೆಮುಂದೆ ನೋಡಬೇಡ ಅಂದ.

ದುಂಡಪ್ಪನ ತಾಯಿ ನೀಲವ್ವನಿಗೆ ಇಷ್ಟು ಸಾಕಾಗಿತ್ತು. ನಮ್ಮ ಕಡೆ ಮೈಯೊಳಗಿನ ಶಕ್ತಿ ಹೋದವರಿಗೆ ಒಂದೇ ಔಷಧ, ಅಂಟಿನುಂಡಿ. ಅಂಟು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಕಾರೀಕು, ಗಸಗಸೆ ಹಾಕಿ, ಬೆಲ್ಲದ ಪಾಕದಲ್ಲಿ ಕಟ್ಟುತ್ತಾರೆ. ಬಾಣಂತಿಯರು ತಿಂದು ಎದ್ದು ಕೂಡುತ್ತಾರೆ, ಅಂದಮೇಲೆ ಮಗ ಯಾಕೆ ಏಳುವುದಿಲ್ಲ ಎಂಬುದು ಆಕೆಯ ಲೆಕ್ಕ. ಆದರೆ ಬಾಣಂತಿಯ ತಿನಿಸನ್ನು ಗಂಡಸು ಬಜಾರಿನಲ್ಲಿ ತಿಂದರೆ ಬಿಡುತ್ತಾರೆಯೇ? ಥಪ್ಪಿಯ ಹಿಂದೆ ಕದ್ದು ತಿನ್ನುತ್ತಿದ್ದವನನ್ನು ಯಾರೋ ನೋಡಿದರು.

"ಏನಪಾ ದುಂಡವ್ವ, ಹೆಣ್ಣೋ ಗಂಡೋ?"

"ತೊಟ್ಟಿಲಾ ನಾವು ಕೊಡಸ್ತೀವಲೇ, ಚಿಂತಿ ಮಾಡಬ್ಯಾಡ."

"ಇಲ್ಲ ಬಿಡೋ, ಸರಕಾರದವ್ರು ಹಿಡದು ಆಪರೇಶನ್ ಮಾಡಿ ಕಳಿಸ್ಯಾರ. ಅದಕ್ಕ ಬಾಣಂತನ ನಡದೈತಿ."

ಆಗ ಕುಟುಂಬ ಯೋಜನೆಯ ಗದ್ದಲ ಎಲ್ಲ ಕಡೆ. ಮಕ್ಕಳಾಗದ ಆಪರೇಶನ್ನಿಗೆ ಅಂಜಿ ಗಂಡಸರು ದವಾಖಾನೆಯ ಓಣಿ ತಪ್ಪಿಸಿ ಓಡಾಡುತ್ತಿದ್ದರು. ಹಿಂದೆ ಹೀಗೆಲ್ಲ ಅಂದರೆ ದುಂಡಪ್ಪ ಎರಡಕ್ಕೆ ನಾಲ್ಕು ತಿರುಗಿ ಅನ್ನುತ್ತಿದ್ದ. ಈಗ ಬಾಯಲ್ಲಿದ್ದದ್ದನ್ನು ನುಂಗಿ ಚೀಲದ ಕಡೆ ಹೋದ. ಚೀಲದ ಜೊತೆ ಆ ಹಳೆಯ ಮಾತೂ ಇಲ್ಲದೆ ಎತ್ತಿದ. ಒಂದೇ ಸಲಕ್ಕೆ ಏಳಲಾಗದೆ ಎರಡನೆಯ ಸಲಕ್ಕೆ ಎದ್ದದ್ದನ್ನು ನಾನು ಕಂಡೆ.

ದಿನದಿನಕ್ಕೆ ಅವನು ಸೊರಗಿದ. ತಿನ್ನುವುದು ಹೆಚ್ಚಾದಷ್ಟೂ ಸೊರಗಿದ. ಅಂಗಿಯ ಹೆಗಲು ಜೋತುಬಿತ್ತು. ನೀರಿನ ಕೊಡದ ಹತ್ತಿರವೇ ಅವನ ಠಿಕಾಣಿ, ಅಲ್ಲಿಂದ ಎದ್ದರೆ ಗೋದಾಮಿನ ಹಿಂದಿನ ಗೋಡೆಗೆ. ಅವನು ಉಚ್ಚೆ ಹೊಯ್ದ ಜಾಗದಲ್ಲಿ ಇರುವೆ ಮುತ್ತುತ್ತಿದ್ದವು. ಬೇರೆ ಎಲ್ಲಿಯಾದರೂ ಆಗಿದ್ದರೆ ಯಾರಾದರೂ ಏನಿದು ಅನ್ನುತ್ತಿದ್ದರು. ನಮ್ಮದು ಜೋಳದ ಜೊತೆ ಬೆಲ್ಲವೂ ಇಳಿಯುವ ಬಜಾರು. ಗೋಡೆ, ನೆಲ, ನಮ್ಮ ರುಮಾಲು, ಎಲ್ಲಕ್ಕೂ ಇರುವೆಯೇ.

ಗುಡಿಯ ಆಚೆ ಓಣಿಯಲ್ಲಿ ಒಬ್ಬರು ಮುದಿ ಹಕೀಮರಿದ್ದರು. ಕಡೆಗೆ ಅವರಲ್ಲಿಗೆ ಕರೆದೊಯ್ದೆ. ಅವರು ಹಾಸಿಗೆಯ ಮಾತನ್ನೇ ಕೇಳಲಿಲ್ಲ. ನಾಲಿಗೆ ನೋಡಿದರು, ನೀರಡಿಕೆ ಎಷ್ಟು, ಉಚ್ಚೆಗೆ ಎಷ್ಟು ಸಲ ಏಳುತ್ತಿ, ಇರುವೆ ಬರುತ್ತವೆಯೇ ಎಂದು ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಬೇಟಾ, ನಿನ್ನ ಬ್ಯಾನಿ ನೀ ತಿಳದಲ್ಲೆ ಇಲ್ಲ. ನಿನ್ನ ರಕ್ತದಾಗ ಸಕ್ಕರಿ ಕೂತೈತಿ. ಅದು ನರ ತಿಂತೈತಿ, ಅದಕ್ಕ ಗಂಡಸತನಾನೂ ಹೋತು. ಇವತ್ತಿಂದ ಸಿಹಿ ಬಿಡು. ನನ್ನ ಹತ್ರ ಇದಕ್ಕ ದವಾ ಇಲ್ಲ. ದೊಡ್ಡ ದವಾಖಾನಿಗೆ ಹೋಗು, ಸೂಜಿ ಕೊಡ್ತಾರ."

ಹೊರಗೆ ಬಂದಮೇಲೆ ದುಂಡಪ್ಪ ಬಹಳ ದಿನದ ಮೇಲೆ ನಕ್ಕ. "ಸಕ್ಕರಿ ಬ್ಯಾನಿ ಅಂತ! ಅದು ಗಾದಿ ಮ್ಯಾಲೆ ಕೂಡೂ ಸಾವಕಾರ್ರಿಗೆ ಬರೂದು. ಹಮಾಲಗ ಬಂದದ್ದು ಎಲ್ಲೆರೆ ಕೇಳೀಯೇನು?"

"ಒಂದು ಸಲ ತೋರಿಸಿ ಬರೂಣು ನಡಿ," ಅಂದೆ.

"ಒಲ್ಲೆಪಾ. ಇದ್ದ ಒಂದು ಆಸೇನೂ ಕತ್ತರಿಸಿ ಕಳಸ್ತಾರ." ದವಾಖಾನೆಗೆ ಹೋದ ಗಂಡಸಿಗೆ ಆಪರೇಶನ್ ತಪ್ಪಿದ್ದಲ್ಲ ಎಂದು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಎಷ್ಟು ಹೇಳಿದರೂ ಕೇಳಲಿಲ್ಲ. ಕೂತು ಬೈದೆ, ಎಳೆದೆ. ತೋಳು ಕೊಡವಿಕೊಂಡು ಹೋದ.

ಸಿಹಿಯನ್ನಾದರೂ ಬಿಡುತ್ತಿದ್ದನೇನೋ. ಆದರೆ ಆ ವಾರವೇ ಕಸ್ತೂರಿ ಬಂದಳು. ಅಣ್ಣನಿಗೆ ಗುಡಿಗೆ ಹೋಗಿಬರುತ್ತೇನೆ ಎಂದು ಹೇಳಿ, ಬಬಲೇಶ್ವರದ ಬಸ್ಸು ಹತ್ತಿ ಸೀದಾ ಬಜಾರಿಗೆ ಬಂದಿದ್ದಳು. ಸೆರಗಿನಲ್ಲಿ ಮುಚ್ಚಿಕೊಂಡ ಒಂದು ಡಬ್ಬಿ. ಗಂಡನ ಮುಖ ಕಂಡು ಡಬ್ಬಿಯನ್ನು ಅವನ ಕೈಯಲ್ಲಿಟ್ಟಳು. ನನ್ನ ಕಡೆ ತಿರುಗಿ ಹೇಳಿದಳು. "ಯಣ್ಣಾ, ನಾನ ಕೂತು ಕಟ್ಟೇನಿ. ಬೆಲ್ಲ ಜಾಸ್ತಿ ಹಾಕೇನಿ. ಮುಂಜಾನೆ ಒಂದು ಸಂಜೀಕೆ ಒಂದು ತಿನ್ನಾಕ ಹೇಳ್ರಿ. ನನಗ ಕೂಸು ಆಗದಿದ್ರೂ ನಡೀತೈತಿ. ಕನಮಡಿಗೆ ಮಾತ್ರ ನಾ ಹೋಗಾಂಗಿಲ್ಲ."

ಹಕೀಮರು ಬೇಡ ಅಂದದ್ದನ್ನು ನಾನು ಹೇಳಿದೆ. ದುಂಡಪ್ಪ ನನ್ನ ಮೇಲೆ ಸಿಟ್ಟಿಗೆದ್ದ. "ಸುಮ್ಮನಿರಲೇ. ಆಕಿ ಹೆದರತಾಳ." ನಮ್ಮಿಬ್ಬರ ಎದುರೇ ಒಂದು ಉಂಡಿ ಮುರಿದು ತಿಂದ. ಅವಳು ಅವನು ಜಗಿಯುವುದನ್ನು ನೋಡುತ್ತ ನಿಂತಳು. ಅವಳ ಬಸ್ಸು ಹೋದಮೇಲೆ ಇನ್ನೊಂದು ತಿಂದ. ಡಬ್ಬಿ ಖಾಲಿಯಾಗುವ ತನಕ ತಿಂದ. ಕಸಿದುಕೊಳ್ಳಲು ಹೋದ ನನ್ನ ಕೈಯನ್ನು ಒಮ್ಮೆ ತಿರುಚಿಯೂಬಿಟ್ಟ, ಸೊರಗಿದ ಕೈಯಲ್ಲಿ ಇನ್ನೂ ಅಷ್ಟು ಬಲವಿತ್ತು.

ದೀಪಾವಳಿ ಹತ್ತಿರ ಬಂದಾಗ ಒಂದು ಮುಂಜಾನೆ, ಬೆನ್ನಿಗೆ ಚೀಲ ತೆಗೆದುಕೊಂಡವನು ಏಳಲಿಲ್ಲ. ಹಾಗೆಯೇ ಕೂತಲ್ಲೇ ಮುಂದಕ್ಕೆ ಬಿದ್ದ, ಚೀಲ ಅವನ ಮೇಲೆ. ಎತ್ತಿದಾಗ ಓಡಿಬಂದವನಂತೆ ಏದುತ್ತಿದ್ದ, ಬಾಯಿಂದ ಕೊಳೆತ ಹಣ್ಣಿನ ವಾಸನೆ. ಯಾರ ಅಪ್ಪಣೆಯನ್ನೂ ಕೇಳದೆ ನಾನು ಅವನನ್ನು ಟಾಂಗಾದಲ್ಲಿ ಹಾಕಿಕೊಂಡು ದೊಡ್ಡ ದವಾಖಾನೆಗೆ ಹೋದೆ. ಅಲ್ಲಿ ಉಚ್ಚೆಯನ್ನು ಗಾಜಿನ ನಳಿಗೆಯಲ್ಲಿ ನೀಲಿ ಔಷಧದೊಂದಿಗೆ ಕಾಯಿಸಿದರು. ನೋಡನೋಡುತ್ತ ಅದು ಇಟ್ಟಂಗಿಯ ಬಣ್ಣಕ್ಕೆ ತಿರುಗಿತು, ಹಕೀಮರು ಹೇಳಿದ ಸಕ್ಕರೆ ಅಷ್ಟಿತ್ತು. ಹರೆಯದ ಡಾಕ್ಟರರೊಬ್ಬರು ತಲೆ ಅಲ್ಲಾಡಿಸಿ ಸೂಜಿ ಚುಚ್ಚಿದರು, ಸಲಾಯಿನ್ ಹಚ್ಚಿದರು. ಯಾರೂ ಅವನನ್ನು ಆಪರೇಶನ್ನಿಗೆ ಎಳೆಯಲಿಲ್ಲ.

ಮರುದಿನ ಅವನಿಗೆ ಎಚ್ಚರ ಬಂತು. ಅಷ್ಟೊತ್ತಿಗೆ ನೀಲವ್ವ, ಕಸ್ತೂರಿ, ಕಸ್ತೂರಿಯ ಅಣ್ಣ ಎಲ್ಲ ಬಂದಿದ್ದರು. ದುಂಡಪ್ಪ ನನ್ನನ್ನು ಕಣ್ಣಿನಿಂದ ಹತ್ತಿರ ಕರೆದ. ನಾನು ಕಿವಿ ಬಾಯಿಯ ಹತ್ತಿರ ಒಯ್ದೆ. "ಡಾಕ್ಟರ್‌ಗ ಕೇಳು. ಅದೂ ಸರಿ ಆಕೈತೇನು?"

ನಾನು ಪಡಸಾಲೆಯಲ್ಲಿ ಡಾಕ್ಟರರನ್ನು ನಿಲ್ಲಿಸಿ ಕೇಳಿದೆ. ಜನ್ಮದಲ್ಲಿ ಅಷ್ಟು ನಾಚಿಕೆ ಬಿಟ್ಟು ಮಾತಾಡಿರಲಿಲ್ಲ. ಅವರು ನಗಲಿಲ್ಲ. "ಸಣ್ಣ ವಯಸ್ಸಿನವ. ಸಕ್ಕರಿ ಹತೋಟಿಗೆ ಬಂದ್ರ ಎಷ್ಟೋ ಮಂದೀಗೆ ಸುಧಾರಿಸ್ತದ. ಅಂಜಿಕಿಂದನೂ ಅರ್ಧ ಹೋಗಿರ್ತದ, ಹೇಳ್ರಿ ಅವ್ರಿಗೆ. ಆದ್ರ ಈಗ ಜೀವ ಉಳೀಲಿ ಮೊದಲ," ಅಂದರು.

ಒಳಗೆ ಬಂದರೆ ಮಂಚದ ಸುತ್ತ ಜನ. ಹೆಂಗಸರ ಎದುರು, ಹೆಂಡತಿಯ ಅಣ್ಣನ ಎದುರು ಏನಂತ ಹೇಳುವುದು? "ಆಕೈತಂತ," ಎಂದಷ್ಟೇ ಅಂದೆ.

ದುಂಡಪ್ಪ ಕಣ್ಣು ಮುಚ್ಚಿ ತೆರೆದ. ಆಮೇಲೆ ಕಸ್ತೂರಿಯ ಅಣ್ಣನ ಕಡೆ ನೋಡಿದ. "ಮಾವಾರ, ಹಿರಿಯಾರಿಗೆ ಹೇಳ್ರಿ. ಇನ್ನೊಂದೀಟು ದಿನಾ ತಡೀರಿ ಅಂತ."

ಆತ ನೆಲ ನೋಡುತ್ತ, "ಆಗಲಿಪಾ," ಅಂದ.

ಮಾರನೆಯ ದಿನ ಮುಂಜಾನೆ ನಾನು ಹೋಗುವಷ್ಟರಲ್ಲಿ ಮಂಚ ಖಾಲಿಯಾಗಿತ್ತು. ನಸುಕಿನಲ್ಲಿ ಉಸಿರು ಕಟ್ಟಿತಂತೆ.

ತಿಕೋಟಾದಲ್ಲಿ ಮಣ್ಣು ಮಾಡಿದೆವು. ಮಂದಿ ಚದುರಿದಮೇಲೆ ಅಣ್ಣ ತಂಗಿಯ ಗಂಟು ಹಿಡಿದು ಬಸ್ಸಿಗೆ ಹೊರಟ. ಕಸ್ತೂರಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ನನ್ನ ಹತ್ತಿರ ಬಂದಳು.

"ಯಣ್ಣಾ, ಡಾಕ್ಟರ್ ಖರೇನ ಆಕೈತಿ ಅಂದಿದ್ರೇನು?"

"ಖರೇನ ಅಂದಿದ್ರವ್ವಾ," ಅಂದೆ.

ಅವಳು ಹೂಂ ಅಂದಳು. ಅಣ್ಣ ದೂರದಿಂದ ಕರೆದ. ಹೋದಳು.